ಮಗಳಿಗೊಂದು ಪತ್ರ: ಚಹಾ ತಂದ ಹಡಗಿನಲ್ಲಿದ್ದ ಪುಸ್ತಕ

ಚಿರಂಜೀವಿ ಮಗಳಿಗೆ ಅಪ್ಪ ಮಾಡುವ ಆಶೀರ್ವಾದಗಳು. ನಾವೆಲ್ಲರೂ ಇಲ್ಲಿ ಕ್ಷೇಮ.

ಅಮೆರಿಕದ ಬಾಸ್ಟನ್ನಿನಲ್ಲಿ ಚಾರಿತ್ರಿಕ ತಾಣಗಳನ್ನು ಜೋಡಿಸುವ ಕಾಲುದಾರಿಯಾದ ಫ್ರೀಡಂ ಟ್ರೇಲ್‌ನಲ್ಲಿ ಕೆಂಪು ಗೆರೆಯನ್ನೇ ಹಿಡಿದು ನಡೆದು, ಹದಿನಾರು ತಾಣಗಳನ್ನೂ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆನೆಂದು ಬರೆದಿದ್ದೀಯೆ. ನಾಲ್ಕು ಕಿಲೋಮೀಟರ್ ನಡೆದದ್ದು ಸಂತೋಷ. ಆದರೆ ಓಲ್ಡ್ ಸೌತ್ ಮೀಟಿಂಗ್ ಹೌಸನ್ನು 'ಇಟ್ಟಿಗೆಯ ಹಳೆಯ ಚರ್ಚು' ಎಂದಷ್ಟೇ ಹೇಳಿ ದಾಟಿಸಿಬಿಟ್ಟದ್ದು ನನಗೆ ಸಮಾಧಾನವಾಗಲಿಲ್ಲ. ಜೀವನವಿಡೀ ಚರಿತ್ರೆಯ ಪಾಠ ಮಾಡಿದವನ ಚಟವೆಂದು ಸಹಿಸಿಕೋ.

ಬಾಸ್ಟನ್ ಆಗ ಬ್ರಿಟಿಷ್ ವಸಾಹತಿನ ಊರು. 1729ರಲ್ಲಿ ಕಟ್ಟಿದ ಆ ಸಭಾಭವನದಲ್ಲಿ 1773ರ ಡಿಸೆಂಬರ್ 16ರಂದು ಸುಮಾರು 5,000 ಜನ ಸೇರಿದ್ದರು. ಬಂದರಿನಲ್ಲಿ ನಿಂತಿದ್ದ ಡಾರ್ಟ್‌ಮತ್ ಹಡಗು ಇಪ್ಪತ್ತು ದಿನಗಳೊಳಗೆ ಸುಂಕ ಕಟ್ಟದಿದ್ದರೆ ಅದರಲ್ಲಿದ್ದ ಚಹಾ ಜಪ್ತಿಯಾಗುತ್ತಿತ್ತು; ಆ ಗಡುವು ಮರುದಿನಕ್ಕೆ ಮುಗಿಯುವುದಿತ್ತು. ಸರಕಿನೊಂದಿಗೆ ಹಿಂದಿರುಗಲು ರಹದಾರಿ ಕೊಡುವುದಿಲ್ಲವೆಂದು ಗವರ್ನರ್ ಥಾಮಸ್ ಹಚಿನ್‌ಸನ್ ಹೇಳಿಕಳುಹಿಸಿದ ಮೇಲೆ, ಮೋಹಾಕ್ ಬುಡಕಟ್ಟಿನವರ ವೇಷ ತೊಟ್ಟ ಗುಂಪೊಂದು ಮೂರು ಹಡಗುಗಳನ್ನು ಹತ್ತಿ 342 ಪೆಟ್ಟಿಗೆಗಳ ಚಹಾವನ್ನು ನೀರಿಗೆ ಸುರಿಯಿತು. ಆ ಹಡಗುಕಟ್ಟೆ ಇದ್ದ ಜಾಗವನ್ನು ಈಗ ಹುಡುಕಬೇಡ. ಸಮುದ್ರವನ್ನು ತುಂಬಿ ಅಲ್ಲೆಲ್ಲ ನೆಲ ಮಾಡಿಬಿಟ್ಟಿದ್ದಾರೆ.

ಚಹಾ ದುಬಾರಿಯಾದ್ದರಿಂದ ಜನ ಸಿಟ್ಟಾದರೆಂದು ತಿಳಿಯಬೇಡ. ಆ ವರ್ಷದ ಕಾಯ್ದೆಯಿಂದ ಚಹಾ ಅಗ್ಗವೇ ಆಗುವುದಿತ್ತು. ಸಾಲದಲ್ಲಿ ಮುಳುಗಿ, ಉಗ್ರಾಣಗಳಲ್ಲಿ ಮಾರಾಟವಾಗದ ಚಹಾ ಪೇರಿಸಿಕೊಂಡು ಕುಳಿತಿದ್ದ ಈಸ್ಟ್ ಇಂಡಿಯಾ ಕಂಪನಿಯನ್ನು ಉಳಿಸುವುದಕ್ಕಾಗಿ ಬ್ರಿಟಿಷ್ ಪಾರ್ಲಿಮೆಂಟು ಆ ಏರ್ಪಾಡು ಮಾಡಿತ್ತು. ಅದನ್ನು ಕೊಂಡರೆ, ತಮ್ಮ ಪ್ರತಿನಿಧಿಯೊಬ್ಬನೂ ಇಲ್ಲದ ಆ ಪಾರ್ಲಿಮೆಂಟಿಗೆ ತೆರಿಗೆ ಹಾಕುವ ಹಕ್ಕುಂಟೆಂದು ಒಪ್ಪಿದಂತಾಗುತ್ತದೆ ಎಂಬುದು ಬಾಸ್ಟನ್ನಿಗರ ತಕರಾರು. ನಮ್ಮ ಹೈದರ್ ಅಲಿಯೊಡನೆ ಸೆಣಸಿ 1769ರಲ್ಲಿ ಮದ್ರಾಸಿನಲ್ಲಿ ಸಂಧಿ ಮಾಡಿಕೊಂಡದ್ದೂ ಇದೇ ಕಂಪನಿಯೇ. ಆ ಯುದ್ಧದ ಸುದ್ದಿ ಲಂಡನ್ನಿಗೆ ಮುಟ್ಟಿದಾಗ ಅದರ ಷೇರಿನ ಬೆಲೆ ಕುಸಿದಿತ್ತು.

ಇಷ್ಟನ್ನು ಯಾವ ಮಾರ್ಗದರ್ಶಿಯಾದರೂ ಹೇಳಿಯಾನು. ನಾನು ಬರೆಯಹೊರಟದ್ದು ಡಾರ್ಟ್‌ಮತ್ ಹೊತ್ತು ತಂದ ಇನ್ನೊಂದು ಸರಕಿನ ವಿಷಯ. ಚಹಾದ ಜೊತೆಗೆ ಅದೇ ಹಡಗಿನಲ್ಲಿ, ಲಂಡನ್ನಿನಲ್ಲಿ ಆಗಷ್ಟೇ ಅಚ್ಚಾಗಿದ್ದ ಒಂದು ಕವನಸಂಕಲನದ ಪ್ರತಿಗಳೂ ಬಂದಿದ್ದವು. ಅದನ್ನು ಬರೆದವಳು ಫಿಲ್ಲಿಸ್ ವೀಟ್ಲಿ, ಅದೇ ಓಲ್ಡ್ ಸೌತ್ ಚರ್ಚಿನ ಸದಸ್ಯೆ. 1761ರಲ್ಲಿ, ಏಳೆಂಟು ವರ್ಷದ ಮಗುವಾಗಿದ್ದಾಗ, ಆಫ್ರಿಕಾದಿಂದ ಹಿಡಿದು ತಂದು ಬಾಸ್ಟನ್ನಿನಲ್ಲಿ ಅವಳನ್ನು ಮಾರಿದ್ದರು. ಕೊಂಡ ಮನೆಯವರು ಇಟ್ಟ ಹೆಸರು ಅವಳನ್ನು ತಂದ ಗುಲಾಮರ ಹಡಗಿನದೇ ಹೆಸರು. ಗುಲಾಮಳಾಗಿದ್ದ ಕಪ್ಪು ಹುಡುಗಿ ಇಂಥ ಪದ್ಯ ಬರೆಯಬಲ್ಲಳೆಂದು ಓದುಗರು ನಂಬಲಾರರೆಂಬ ಕಾರಣಕ್ಕೆ, ಅವು ಅವಳವೇ ಎಂದು ಊರಿನ ಹದಿನೆಂಟು ಮಂದಿ ಗಣ್ಯರು ಸಹಿ ಮಾಡಿದ ದೃಢೀಕರಣವನ್ನು ಪುಸ್ತಕದಲ್ಲಿ ಅಚ್ಚು ಹಾಕಬೇಕಾಯಿತು. ಆ ಪಟ್ಟಿಯಲ್ಲಿ ಗವರ್ನರ್ ಹಚಿನ್‌ಸನ್ನನ ಹೆಸರಿದೆ. ಅವನ ಬದ್ಧವಿರೋಧಿಯಾಗಿದ್ದ, ಮುಂದೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಅಷ್ಟು ದೊಡ್ಡ ಸಹಿ ಹಾಕಿದ ಜಾನ್ ಹ್ಯಾನ್‌ಕಾಕನ ಹೆಸರೂ ಇದೆ. ಸುಂಕದ ವಿಷಯದಲ್ಲಿ ಎಂದೂ ಒಮ್ಮತಕ್ಕೆ ಬಾರದ ಇಬ್ಬರು ಈ ಒಂದು ಕಾಗದದಲ್ಲಿ ಒಟ್ಟಿಗಿದ್ದಾರೆ. ಸ್ವಾತಂತ್ರ್ಯದ ಮಾತು ಊರಿನ ತುಂಬ ಕೇಳುತ್ತಿದ್ದ ದಿನಗಳಲ್ಲಿ ತನ್ನ ಪದ್ಯ ತನ್ನದೇ ಎನ್ನಲು ಒಬ್ಬ ಹೆಣ್ಣುಮಗಳಿಗೆ ಅವರಿಬ್ಬರ ಸಹಿ ಬೇಕಾಯಿತಲ್ಲ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ಆ ವರ್ಷವೇ ಅವಳಿಗೆ ಬಿಡುಗಡೆ ಸಿಕ್ಕಿತು. ಎರಡನೆಯ ಸಂಕಲನಕ್ಕೆ ಮಾತ್ರ ಪ್ರಕಾಶಕರು ಸಿಗಲಿಲ್ಲ. 1784ರಲ್ಲಿ ಬಡತನದಲ್ಲಿ ತೀರಿಕೊಂಡಳು.

ಗ್ರ್ಯಾನರಿ ಸ್ಮಶಾನದಲ್ಲಿರುವ ಹ್ಯಾನ್‌ಕಾಕನ ಎತ್ತರದ ಸ್ಮಾರಕದ ಫೋಟೊ ನೀನು ಕಳುಹಿಸಿದ್ದು ತಲುಪಿದೆ. ಫಿಲ್ಲಿಸಳ ಸಮಾಧಿಗೆ ಗುರುತಿನ ಕಲ್ಲೂ ಇಲ್ಲ. ಮೀಟಿಂಗ್ ಹೌಸಿನ ಒಳಗೆ ಅವಳದೊಂದು ಪ್ರತಿಮೆಯಿದೆ; ಬಿಡುವಾದ ದಿನ ಮತ್ತೊಮ್ಮೆ ಹೋಗಿ ಅದರ ಫೋಟೊ ಕಳುಹಿಸು.

ಇಂತು,
ನಿನ್ನ ಅಪ್ಪ