ಗಾಜು ಒಡೆದ ಸಂಜೆ

ಅಮೆರಿಕದ ನೆಬ್ರಾಸ್ಕಾದ ಲಿಂಕನ್‌ನಲ್ಲಿ ಫ್ರೇಮ್ ಅಂಗಡಿಯ ಆ ಅಕ್ಕನಿಗೆ ಈ ಬರಹ. ಗಡಿಬಿಡಿಯಲ್ಲಿ ಹೆಸರು ಕೇಳಲೂ ಹೊಳೆಯಲಿಲ್ಲ.

ಪಕ್ಕದ ಮನೆಯ ಅಜ್ಜಿಗೆ ತೊಂಬತ್ತು ತುಂಬುವ ದಿನ ಕೊಡಲೆಂದು ಹಳೆಯ ಮರದಚ್ಚಿನ ಚಿತ್ರವೊಂದನ್ನು ಕೊಂಡಿದ್ದೆ. ಬಟ್ಟಬಯಲು, ಹುಲ್ಲುಬೇರು ಹೆಣೆದ ಮಣ್ಣುಹೆಂಟೆಗಳ ಮನೆ, ಒಂದು ಬಾವಿ. ನೆಲೆಸಿ ಉಳುವವರಿಗೆ ಸರ್ಕಾರಿ ನೆಲ ಕೊಟ್ಟ 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ 160 ಎಕರೆ ಹಿಡಿದು, ಐದು ವರ್ಷ ಅಲ್ಲೇ ಇದ್ದು ಉತ್ತು ಬಿತ್ತಿದವರ ಮೊಮ್ಮಗಳು ಅವರು. (ಆ ನೆಲ ಅದಕ್ಕೂ ಮೊದಲು ಮೂಲನಿವಾಸಿಗಳದ್ದು ಎಂದು ಅವರೇ ಹೇಳುತ್ತಾರೆ.)

ಕಾರಿನಿಂದ ಇಳಿಸುವಾಗ ಕೈಜಾರಿತು. ಗಾಜು ಚೂರುಚೂರು. ಮರುದಿನವೇ ಹುಟ್ಟುಹಬ್ಬ.

‘ಮುಚ್ಚಿದೆ’ ಎಂದು ಫಲಕ ತಿರುಗಿಸಿದ್ದ ಆ ಅಕ್ಕ ನನ್ನ ಮುಖ ನೋಡಿ ಬಾಗಿಲು ತೆರೆದರು. ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು, ಮೆತ್ತನೆಯ ಬ್ರಷ್‌ನಿಂದ ಒಂದೊಂದೇ ಚೂರು ಸರಿಸಿದರು. ಹಳೇ ರಟ್ಟಿನ ಆಮ್ಲಕ್ಕೆ ಕಾಗದದ ಅಂಚು ಕಂದಾಗಿತ್ತು. ಆಮ್ಲವಿಲ್ಲದ ರಟ್ಟು ಹಾಕಿದರು. ಟೇಪ್ ಮುಟ್ಟಲೇ ಇಲ್ಲ. ಜಪಾನಿ ಕಾಗದದ ಪಟ್ಟಿಗೆ ಗೋಧಿ ಪಿಷ್ಟದ ಅಂಟು ಹಚ್ಚಿ ಚಿತ್ರ ಕೂರಿಸಿದರು. ಅಮ್ಮ ನಮ್ಮ ಶಾಲೆಯ ಪುಸ್ತಕಗಳಿಗೆ ಕಾಯಿಸುತ್ತಿದ್ದ ಮೈದಾ ಅಂಟು ನೆನಪಾಯಿತು. ಅದು ಒಣಗುವವರೆಗೆ ದೀಪ ಓರೆ ಮಾಡಿ ತೋರಿಸಿದರು: ಆಕಾಶದ ಜಾಗದಲ್ಲಿ ಅಚ್ಚು ಕೆತ್ತಿದ ಹಲಗೆಯ ಎಳೆಗಳೇ ಮೋಡದಂತೆ ಅಚ್ಚಾಗಿದ್ದವು. ಅಲ್ಲಿಗೆ ನನ್ನ ಎದೆಬಡಿತ ನಿಧಾನವಾಗಿತ್ತು.

ಗಾಜು, ರಟ್ಟಿನ ದುಡ್ಡಷ್ಟೇ ತೆಗೆದುಕೊಂಡರು.

ಅಕ್ಕಾ, ಮರುದಿನ ಅಜ್ಜಿ ಆ ಬಾವಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಿದ್ದರು. ನಿಮಗೆ ತುಂಬಾ ಧನ್ಯವಾದ.