ಭಾನುವಾರದ ಆರ್ ಅಭ್ಯಾಸ: ಮಳೆ ಲೆಕ್ಕ ತನ್ನಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ಮಡಿಕೇರಿಯಲ್ಲಿ, ಎಂದಿನ ಜಾಗದಲ್ಲೇ ಸೇರೋಣ. ಹೊಸಬರು ಆರ್ (ಅಂಕಿಅಂಶದ ಲೆಕ್ಕಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆ), ಆರ್‌ಸ್ಟುಡಿಯೊ (ಆರ್ ಬರೆದು ನಡೆಸುವ ತಂತ್ರಾಂಶ), ಜಿಜಿಪ್ಲಾಟ್2 (ಚಿತ್ರ ಬಿಡಿಸುವ ಆರ್ ಪ್ಯಾಕೇಜು) ಮನೆಯಲ್ಲೇ ಹಾಕಿಕೊಂಡು ಬನ್ನಿ; ಮಳೆಗಾಲದ ಕರೆಂಟು, ನೆಟ್ಟು ನಂಬುವಂತಿಲ್ಲ.

ನಿಮ್ಮ ತೋಟದ ಮಳೆ ಪುಸ್ತಕವನ್ನು ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಟ್ಟಿಯ ಕಡತ) ಮಾಡಿ: ಊರು, ತಿಂಗಳು, ಮಳೆ. ದಿನಕ್ಕೊಂದು ಸಾಲು. ಇಂಚು-ಸೆಂಟಿನಲ್ಲಿ (ಒಂದು ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು) ಬರೆದವರು (ಅಂದರೆ ಬಹುತೇಕ ಎಲ್ಲರೂ!) 25.4ರಿಂದ ಗುಣಿಸಿ ಮಿಲಿಮೀಟರ್ ಮಾಡಿಕೊಳ್ಳಿ.

ಬರೀ ಸರಾಸರಿಯ ಕಂಬಚಿತ್ರ ಸಾಲದು. ಭಾಗಮಂಡಲದ ಎರಡು ದಿನದ ಆರ್ಭಟ ಇಡೀ ತಿಂಗಳ ಸರಾಸರಿಯನ್ನೇ ಮೇಲಕ್ಕೆಳೆಯುತ್ತದೆ. ಅದಕ್ಕೇ ಊರುವಾರು ಬಾಕ್ಸ್‌ಪ್ಲಾಟ್: ಒಳಗೆರೆ ಮಧ್ಯಾಂಕ (ಅಳತೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವಿನದು), ಪೆಟ್ಟಿಗೆಯೊಳಗೆ ನಡುವಿನ ಅರ್ಧದಷ್ಟು ದಿನಗಳು, ಆಚೆಯ ಚುಕ್ಕಿಗಳು ವಿಪರೀತ ದಿನಗಳು. ತಿಂಗಳಿಗೊಂದು ಚೌಕ ಬೇಕಿದ್ದರೆ ಜಿಜಿಪ್ಲಾಟ್2ರ ಫ್ಯಾಸೆಟ್ ರ‍್ಯಾಪ್.

ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಅದನ್ನೂ ಹೇಳಿ, ಜೊತೆ ಮಾಡಿಕೊಡುತ್ತೇವೆ.