ವೆಬ್‌ಸೈಟ್ ಬಿಡುಗಡೆ ಮಾಡುವ ಮುಂಚೆ ಕನ್ನಡದಲ್ಲಿ ತೆರೆದು ನೋಡಿ

ಮಾನ್ಯ ಸಂಪಾದಕರೇ,

ಹೊಸದುರ್ಗದಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ಇದೆ. ವಿದ್ಯಾರ್ಥಿವೇತನ, ಪಿಂಚಣಿ, ನೇಮಕಾತಿ ಅಂತ ಬರುವವರಲ್ಲಿ ಎಷ್ಟೋ ಜನ ಮೊದಲು ಮನೆಯಲ್ಲೇ ಮೊಬೈಲ್‌ನಲ್ಲಿ ತುಂಬಲು ನೋಡಿ, ಆಗದೆ ಬಂದವರು. ‘ನಮಗೆ ಇದೆಲ್ಲ ಬರಲ್ಲ ಬಿಡಣ್ಣ’ ಅನ್ನುತ್ತಾರೆ. ಅವರಿಗೆ ಬರುತ್ತದೆ. ವೆಬ್‌ಸೈಟ್ ಮಾಡಿದವರು ಅದನ್ನು ಒಂದೇ ಬ್ರೌಸರ್‌ನಲ್ಲಿ (ಕ್ರೋಮ್, ಫೈರ್‌ಫಾಕ್ಸ್, ಸಫಾರಿಯಂಥ, ವೆಬ್‌ಸೈಟ್ ತೆರೆಯುವ ಆ್ಯಪ್) ನೋಡಿ ಬಿಟ್ಟಿರುತ್ತಾರೆ, ಅಷ್ಟೇ.

ಇತ್ತೀಚೆಗೆ ಒಂದು ಅರ್ಜಿಯಲ್ಲಿ ‘ಸಂಬಂಧ’ ಎಂಬ ಕಾಲಂ ಇತ್ತು. ಆರಿಸುವ ಪಟ್ಟಿಯಲ್ಲಿ ಪತಿ, ಪತ್ನಿ ಎರಡೂ ಇದ್ದವು. ನನ್ನ ಕಂಪ್ಯೂಟರ್‌ನಲ್ಲಿ ಸರಿಯಾಗಿಯೇ ಕಾಣುತ್ತಿತ್ತು. ಬಂದವರ ಫೋನ್‌ನಲ್ಲಿ ಮಾತ್ರ ಬಾಕ್ಸ್‌ನ ತಳಕ್ಕೆ ಸಿಕ್ಕಿ ‘ನ’ ಒತ್ತು ಕತ್ತರಿಸಿಹೋಗಿತ್ತು. ಯಾವುದನ್ನು ಆರಿಸಿದರೂ ‘ಪತಿ’ ಅಂತಲೇ ಕಾಣುತ್ತಿತ್ತು. ಅವರು ಮತ್ತೆ ಮತ್ತೆ ಬದಲಾಯಿಸಿ, ಕೊನೆಗೆ ಹೆದರಿ ನಿಲ್ಲಿಸಿದ್ದರು. ಹೆದರದೆ ಇನ್ನೇನು ಮಾಡ್ತಾರೆ?

ಇದಕ್ಕೆ ಕಾರಣ ಇಷ್ಟೇ. ಪುಟ ತನ್ನದೇ ಫಾಂಟ್ (ಅಕ್ಷರಗಳ ಆಕಾರ ಇರುವ ಫೈಲ್) ಕಳಿಸದಿದ್ದರೆ, ಬ್ರೌಸರ್ ಆ ಯಂತ್ರದಲ್ಲಿರುವ ಫಾಂಟನ್ನೇ ಬಳಸುತ್ತದೆ. ಈಗಿನ ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಹಳೆಯದರಲ್ಲಿ ತುಂಗಾ, ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲಿ ನೋಟೋ. ಒಂದೊಂದರ ಎತ್ತರ ಒಂದೊಂದು ಥರ. ತುಂಗಾದಲ್ಲಿ ಅಕ್ಷರ ಸಣ್ಣದಾಗಿ ಬರುತ್ತದೆ, ನೋಟೋದಲ್ಲಿ ದೊಡ್ಡದಾಗಿ. ಬಾಕ್ಸ್‌ನ ಎತ್ತರವನ್ನು ಇಂಗ್ಲಿಷ್ ಅಕ್ಷರ ನೋಡಿ ಗಟ್ಟಿ ಮಾಡಿಟ್ಟರೆ ನಮ್ಮ ಒತ್ತಕ್ಷರಕ್ಕೆ ಜಾಗ ಎಲ್ಲಿ?

ದಿನಾಂಕದ್ದು ಇನ್ನೊಂದು ಗೋಳು. ಪುಟ ಬ್ರೌಸರ್‌ಗೆ ‘ಇಲ್ಲಿ ದಿನಾಂಕದ ಬಾಕ್ಸ್ ಬೇಕು’ ಅಂತ ಮಾತ್ರ ಹೇಳುತ್ತದೆ. ಅದನ್ನು ಹೇಗೆ ತೋರಿಸಬೇಕು ಎನ್ನುವುದು ಬ್ರೌಸರ್‌ಗೆ ಬಿಟ್ಟದ್ದು. ಭಾಷೆಯ ಸೆಟ್ಟಿಂಗ್ ಅಮೆರಿಕದ ಇಂಗ್ಲಿಷ್ ಆಗಿದ್ದರೆ ತಿಂಗಳು ಮೊದಲು ಬರುತ್ತದೆ. ಮನೆಯಲ್ಲಿ 05/08/2007 ಅಂತ ತುಂಬಿದ ಹುಡುಗಿಗೆ ಇನ್ನೊಂದು ಕಂಪ್ಯೂಟರ್‌ನಲ್ಲಿ 08/05/2007 ಕಾಣುತ್ತದೆ. ಒಳಗೆ ಹೋಗುವುದು ಎರಡು ಕಡೆಯೂ 2007-08-05 ಅಂತಲೇ. ಆದರೆ ಅದು ಅವಳಿಗೆ ಹೇಗೆ ಗೊತ್ತಾಗಬೇಕು? ಪಕ್ಕದಲ್ಲೇ ‘5 ಆಗಸ್ಟ್ 2007’ ಅಂತ ಬರುವ ಹಾಗೆ ಮಾಡಿದ್ದರೆ ಗೊಂದಲವೇ ಇರುತ್ತಿರಲಿಲ್ಲ. ಇನ್ನು ಫೈರ್‌ಫಾಕ್ಸ್‌ಗೆ ಈ ಬಾಕ್ಸ್ ಬಂದಿದ್ದೇ 2017ರಲ್ಲಿ, ಮ್ಯಾಕ್‌ನ ಸಫಾರಿಗೆ 2021ರಲ್ಲಿ. ಅದಕ್ಕಿಂತ ಹಳೆಯ ಬ್ರೌಸರ್ ಇದ್ದವರಿಗೆ ಬರೀ ಖಾಲಿ ಬಾಕ್ಸ್ ಕಾಣುತ್ತದೆ. ಅದರಲ್ಲಿ 5-8-2007 ಅಂತ ಬರೆದರೆ ‘ತಪ್ಪು ದಿನಾಂಕ’ ಅಂತ ಕೆಂಪಕ್ಷರ!

ಸಹಾಯವಾಣಿಗೆ ಫೋನ್ ಮಾಡಿದರೆ ‘ಬೇರೆ ಬ್ರೌಸರ್‌ನಲ್ಲಿ ನೋಡಿ’ ಎನ್ನುತ್ತಾರೆ. ಹಿಂದೆ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲೇ ತೆರೆಯಿರಿ ಅಂತಿದ್ದರು. ಅದನ್ನು ಮೈಕ್ರೋಸಾಫ್ಟ್ 2022ರ ಜೂನ್‌ನಲ್ಲಿ ನಿಲ್ಲಿಸಿತು. ಈಗ ಕ್ರೋಮ್ ಹಾಕ್ಕೊಳ್ಳಿ ಅಂತಾರೆ. ‘ಕ್ರೋಮ್, ಎಡ್ಜ್ ಎರಡರಲ್ಲೂ ನೋಡಿದ್ದೇವೆ’ ಅನ್ನುವವರೂ ಇದ್ದಾರೆ. ಆ ಎರಡರ ಒಳಗಿರುವ ಎಂಜಿನ್ ಒಂದೇ, ಬ್ಲಿಂಕ್ ಅಂತ. ಫೈರ್‌ಫಾಕ್ಸ್‌ನದು ಗೆಕ್ಕೊ, ಸಫಾರಿಯದು ವೆಬ್‌ಕಿಟ್. ಪುಟವನ್ನು ಓದಿ ತೆರೆಯ ಮೇಲೆ ಬಿಡಿಸುವುದು ಈ ಎಂಜಿನ್. ಮೂರರಲ್ಲೂ ನೋಡದಿದ್ದರೆ ಅದು ಪರೀಕ್ಷೆಯೇ ಅಲ್ಲ.

ಸರ್ಕಾರಿ ವೆಬ್‌ಸೈಟ್‌ಗಳು ಹೇಗಿರಬೇಕು ಎಂದು ಕೇಂದ್ರ ಸರ್ಕಾರ 2009ರಲ್ಲೇ ಮಾರ್ಗಸೂಚಿ ಮಾಡಿದೆ. ಬೇರೆ ಬೇರೆ ಬ್ರೌಸರ್‌ಗಳಲ್ಲಿ ಪರೀಕ್ಷಿಸಬೇಕು ಎನ್ನುವುದೂ ಅದರಲ್ಲಿದೆ. ಟೆಂಡರ್ ಕೊಡುವಾಗಲೇ ಇದನ್ನು ಷರತ್ತಾಗಿ ಹಾಕಲಿ. ಪುಟದ ಜೊತೆಗೇ ಕನ್ನಡ ಫಾಂಟ್ ಕಳಿಸಲಿ. ನೋಟೋ ಸಾನ್ಸ್ ಕನ್ನಡವನ್ನು ಯಾರು ಬೇಕಾದರೂ ಬಳಸಬಹುದು, ದುಡ್ಡಿಲ್ಲ. ಬಿಲ್ ಪಾಸ್ ಮಾಡುವ ಅಧಿಕಾರಿ ಇಡೀ ಅರ್ಜಿಯನ್ನು ಕನ್ನಡದಲ್ಲೇ, ಒಂದು ಹಳೆಯ ಫೋನ್‌ನಲ್ಲಿ ತಾವೇ ತುಂಬಿ ನೋಡಲಿ. ಇದೆಲ್ಲ ಅರ್ಜಿ ಕರೆಯುವ ಮುಂಚೆಯೇ ಆಗಬೇಕು. ಕೊನೆ ದಿನಾಂಕದ ವಾರದಲ್ಲಿ ಸರಿ ಮಾಡಿದರೆ, ಅಷ್ಟರಲ್ಲಿ ಬೇಸತ್ತು ಕೈಬಿಟ್ಟವರಿಗೆ ಅದರಿಂದ ಏನೂ ಸಿಗುವುದಿಲ್ಲ.

– ಆನ್‌ಲೈನ್ ಸೇವಾ ಅಂಗಡಿಯ ಮಾಲೀಕ, ಹೊಸದುರ್ಗ